ಕೆಳಕೊಂಬೆಯ ಎಲೆಗಳು

ಸೊಂಟಕ್ಕೆ ಹಗ್ಗ ಬಿಗಿದನೆಂದರೆ ಎಂಥ ಮರವನ್ನೂ ನೋಡನೋಡುತ್ತಲೇ ಏರಿಬಿಡುತ್ತಿದ್ದ. ಅದಕ್ಕೇ ಅವನನ್ನು ಎಲ್ಲರೂ ಅಳಿಲು ಎನ್ನುತ್ತಿದ್ದರು. ಜನ ಉಳುಮೆ ಬಿಟ್ಟುಹೋದ ಹೊಲಗಳಲ್ಲಿ ಕಾಡು ಹೇಗೆ ಮರಳಿ ಬೆಳೆಯುತ್ತದೆಂದು ಮೇಡಂ ಒಬ್ಬರು ಅಳೆಯುತ್ತಿದ್ದರು. ಅವರಿಗೆ ಎಲೆ ಕೊಯ್ದುಕೊಡುವುದು ಅವನ ಕೆಲಸ. ಮೊದಲು ಬರುವುದು ಸರಸರನೆ ಬೆಳೆಯುವ ಮರಗಳು, ಎಲೆ ತೆಳು, ಕಟ್ಟಿಗೆ ಹಗುರ. ವರ್ಷ ಕಳೆದಂತೆ ದಪ್ಪ ಎಲೆಯ ಗಟ್ಟಿ ಮರಗಳು ಆ ಜಾಗ ಹಿಡಿಯಬೇಕು. ಅದನ್ನು ತಿಳಿಯಲು ತುತ್ತತುದಿಯ, ಬಿಸಿಲುಂಡ ಎಲೆಯೇ ಬೇಕು. ನೆರಳಿನ ಎಲೆ ಗಟ್ಟಿ ಮರದ್ದಾದರೂ ತೆಳುವೇ.

ಐವತ್ತು ದಾಟಿದ ಮೇಲೆ ಒಂದು ದಿನ ತುದಿಯಲ್ಲಿ ಅವನಿಗೆ ತಲೆ ಗಿರ್ರೆಂದಿತು. ಕೊಂಬೆ ತಬ್ಬಿ ಹೇಗೋ ಇಳಿದ. ಬಾಯಿಬಿಟ್ಟರೆ ಕೆಲಸ ಹೋದೀತು. ಅಂದಿನಿಂದ, ಉಳುಮೆ ನಿಂತು ಮೂವತ್ತು ವರ್ಷವಾಗಿ ಮರಗಳು ಎತ್ತರಕ್ಕೆ ಬೆಳೆದಿದ್ದ ಕಾಡಿನಲ್ಲಿ ಅರ್ಧ ಮರಕ್ಕೇ ನಿಂತು, ಕೆಳಕೊಂಬೆಯ ಎಲೆ ಕಿತ್ತು ಚೀಲ ತುಂಬಿಸತೊಡಗಿದ.

ಎಲೆ ಒಣಗಿಸಿ ತೂಗುವ ಹೆಂಗಸೊಬ್ಬಳಿದ್ದಳು. ಅವನನ್ನು ಅಣ್ಣ ಎನ್ನುತ್ತಿದ್ದಳು. ಒಂದು ಸಂಜೆ ಮೇಡಂ ಅವಳ ಮೇಲೆ ಹರಿಹಾಯ್ದರು. “ಹಳೇ ಕಾಡಿನ ಎಲೆ ಇಷ್ಟು ತೆಳು ಹೇಗಮ್ಮ ಆಗತ್ತೆ? ಪೊಟ್ಟಣಗಳನ್ನ ಅದಲುಬದಲು ಮಾಡ್ತಿದ್ದೀಯ!”

“ಇಲ್ಲ ಮೇಡಂ, ಚೀಟಿ ನೋಡ್ಕೊಂಡೇ ತೂಗೋದು.”

ಬಾಗಿಲ ಬಳಿ ಅವನು ಹಗ್ಗ ಸುತ್ತುತ್ತಲೇ ಇದ್ದ. ತಿಂಗಳೊಳಗೆ ಅವಳು ಕೆಲಸ ಬಿಟ್ಟಳು.

ಹೊಸಬರು ತೂಗಿದರೂ ಎಲೆ ತೆಳುವೇ. “ನನ್ನ ಲೆಕ್ಕಾಚಾರವೇ ತಪ್ಪೇನೋ” ಎಂದು ಮೇಡಂ ತಲೆ ಮೇಲೆ ಕೈಹೊತ್ತು ಕೂತ ದಿನ ಅವನು ಹೋಗಿ ಎದುರು ನಿಂತ.

“ತಪ್ಪು ನಂದು ಮೇಡಂ. ಮೇಲೆ ಹೋದ್ರೆ ತಲೆ ಸುತ್ತುತ್ತೆ, ಎರಡು ವರ್ಷದಿಂದ ನಾನು ತುದಿ ಮುಟ್ಟಿಲ್ಲ.”

ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ. “ಯಾವ್ಯಾವ ಮರ?” ಎಂದರಷ್ಟೇ. ನಲವತ್ತೊಂದು ಮರಗಳನ್ನೂ ಬಿಡದೆ ಹೇಳಿದ. ಎರಡು ವರ್ಷದ ಅಳತೆಯನ್ನು ಅವರು ಹೊಡೆದುಹಾಕಿದರು. ಆ ವರ್ಷಗಳ ಎಲೆ ಇನ್ನೆಲ್ಲಿ ಸಿಗಬೇಕು? ಕಾಡು ಅಷ್ಟರಲ್ಲಿ ಮುಂದೆ ಹೋಗಿತ್ತು. ಹತ್ತುವುದಕ್ಕೆ ಬೇರೆಯವರು ಬಂದರು. ಅವನಿಗೆ ನೆಲದ ಮೇಲೆ ಕಾಂಡದ ಸುತ್ತಳತೆ ಹಿಡಿಯುವ ಕೆಲಸ.

ನಡೆದದ್ದನ್ನೆಲ್ಲ ತಿಳಿಸಿ ಮೇಡಂ ಬರೆದ ಕ್ಷಮಾಪಣೆಯ ಕಾಗದ ಹಿಡಿದು ಅವನು ಆ ಹೆಂಗಸನ್ನು ಹುಡುಕಿಕೊಂಡು ಹೋದ. ಅವಳು ಬಟ್ಟೆ ಅಂಗಡಿಯೊಂದರಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಕಾಗದವನ್ನು ಎರಡು ಸಲ ಓದಿದಳು.

“ವಾಪಸ್ ಬಾರಮ್ಮ” ಎಂದ.

“ಬರಲ್ಲ ಅಣ್ಣ. ಅವರು ಬೈದಿದ್ದು ಮರೆತೇಬಿಟ್ಟೆ. ಆದ್ರೆ ಆಗ ನಾನೇ ಚೀಟಿ ತಪ್ಪು ಓದ್ತೀನೇನೋ ಅಂತ ಡಾಕ್ಟರಿಗೆ ಕಣ್ಣು ತೋರಿಸ್ಕೊಂಡು ಬಂದಿದ್ದೆ. ಈಗ್ಲೂ ಏನೇ ಓದಿದ್ರೂ ಎರಡು ಸಲ ಓದ್ತೀನಿ.”

ಅವನು ನಿಂತೇ ಇದ್ದ. ಅವಳೇ ಸ್ಟೂಲು ಎಳೆದು, “ಕೂತ್ಕೋ, ತಲೆ ಸುತ್ತೀತು” ಎಂದಳು.