ಪದ್ಮರಾಜ ಇಂದ್ರರ ಬಿಸಿಲು ಕಾರು

ಕರೆಂಟು ಬಂದು ವರ್ಷ ತುಂಬದ ಬೆಳ್ತಂಗಡಿ ಪೇಟೆಯಲ್ಲಿ ಪದ್ಮರಾಜ ಇಂದ್ರರಿಗೆ ಮೋಡವೆಂದರೆ ದಾಯಾದಿ ಇದ್ದ ಹಾಗೆ. ಆಕಾಶ ಸ್ವಲ್ಪ ಕಪ್ಪಾದರೂ ಅಂಗಳದಲ್ಲಿ ನಿಂತು ಬೈಯುತ್ತಾರೆ. ಫೋಟೋದವರಿಂದ ಬೆಳಕು ಅಳೆಯುವ ಹಾಳು ಮೀಟರುಗಳನ್ನು ಬೇಡಿ ತಂದು, ಬಿಚ್ಚಿ, ಬೆಳಕು ಬಿದ್ದರೆ ಕರೆಂಟು ಹುಟ್ಟಿಸುವ ಒಳಗಿನ ಬಿಲ್ಲೆಗಳನ್ನು ಅಡಿಕೆ ಹಾಳೆಯ ಪುಟ್ಟ ಕಾರಿನ ಮಾಡಿಗೆ ಅಂಟಿಸಿದ್ದಾರೆ. ಚಕ್ರಗಳಿಗೆಂದು ಅಂಗಿಯ ಗುಂಡಿಗಳನ್ನೇ ಕಿತ್ತು, ಮದುವೆಮನೆಗೂ ಎದೆ ತೆರೆದುಕೊಂಡೇ ಹೋಗುತ್ತಾರೆ. "ಪೆಟ್ರೋಲೇ ಬೇಡ ಮಾರಾಯ್ರೆ, ಬಿಸಿಲು ಸಾಕು!" ಎಂದು ದಾರಿಹೋಕರನ್ನು ಕರೆದು ತೋರಿಸುತ್ತಾರೆ. ಕಾರು ಗೇಣುದ್ದ ಹೋಗಿ ನಿಲ್ಲುತ್ತದೆ. ಜನ ನಗುತ್ತಾರೆ, ಅವರೂ ನಗುತ್ತಾರೆ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು. "ಬಿಸಿಲು ಇಳೀತು, ಊಟಕ್ಕೆ ಬನ್ನಿ" ಎಂದು ಹೆಂಡತಿ ಅನಂತಮತಿ ಕರೆದರೆ, "ಇನ್ನೂ ಉಂಟಲ್ಲ, ಒಮ್ಮೆ ಓಡಿಸಿ ಬರ್ತೇನೆ" ಎನ್ನುತ್ತಾರೆ, ಕಡೆಗೆ ಹಸಿದೇ ಮಲಗುತ್ತಾರೆ. ಮೊನ್ನೆಯಿಂದ ಅವಳು ಕರೆಯುವುದಿಲ್ಲ. ಗುಡಿಸುವಾಗ ಆ ಕಾರನ್ನೆತ್ತಿ ಒಳಗೆ ನೋಡಿದ್ದಳು: ಹಿಂದಿನ ಸೀಟು ಇರಬೇಕಾದಲ್ಲಿ ಉದ್ದಕ್ಕೆ ಒಂದು ಹಾಸಿಗೆ, ಮಗಳು ಕಾಂತಿಯ ಹಳದಿ ಲಂಗದ ತುಂಡಿನದು. ಹೋದ ಬೇಸಿಗೆಯಲ್ಲಿ ಜ್ವರದ ಕಾಂತಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುವಾಗ ಬಾಡಿಗೆ ಕಾರು ಪೆಟ್ರೋಲು ಮುಗಿದು ಪುಂಜಾಲಕಟ್ಟೆಯ ಆಚೆ ನಿಂತದ್ದು ನಡು ಮಧ್ಯಾಹ್ನ. ಡ್ರೈವರ್ ಡಬ್ಬ ಹಿಡಿದು ಬಂಟ್ವಾಳಕ್ಕೆ ಹೋಗಿ ಬರುವಷ್ಟರಲ್ಲಿ ಅನಂತಮತಿಯ ಮಡಿಲಲ್ಲಿ ಮಗು ತಣ್ಣಗಾಗಿತ್ತು. ಅಂದು ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.