ಕುಷಾಯಿಗೂಡದ ಅಕ್ಕೋರು

ಅಕ್ಕೋರ ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೂ ಹಲ್ಲಿನ ಗುರುತುಗಳಿದ್ದವು. ಹಳೆಯವು ಬೆಳ್ಳಗಾಗಿ ಚರ್ಮದೊಳಗೆ ಇಳಿದಿದ್ದವು, ಹೊಸವು ಕಂದಾಗಿ ಉಬ್ಬಿಕೊಂಡಿದ್ದವು. ಶಾಲೆಯಲ್ಲಿ ಸಿಟ್ಟಿಗೆದ್ದ ಮಗು ತನ್ನ ಕೈಯನ್ನೇ ಕಚ್ಚಿಕೊಳ್ಳಲು ಹೋದಾಗ ಅವರು ನಡುವೆ ತಮ್ಮ ಎಡಗೈ ಒಡ್ಡುತ್ತಿದ್ದರು. ನಾನು ಮೊದಲ ಸಲ ನೋಡಿ ಹೌಹಾರಿದಾಗ, "ನನಗ ರೂಢಿ ಐತಿ ತಂಗಿ. ಬಲಗೈ ಮಾತ್ರ ಕೊಡಂಗಿಲ್ಲ. ಅನ್ನ ಕಲಸಿ ಉಣಿಸಬೇಕಲ್ಲ" ಎಂದಿದ್ದರು.

ಅವರು ಕಲಬುರಗಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಹೈದರಾಬಾದಿನಲ್ಲೇ ಉಳಿದವರು. ನಾನು ಮೈಸೂರಿನವಳು, ಮದುವೆಯಾಗಿ ಅದೇ ಊರಿನ ಕುಷಾಯಿಗೂಡಕ್ಕೆ ಬಂದವಳು. ಮಾವ ಅಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದಾಗ ಕಟ್ಟಿಸಿದ ಮನೆ ನಮ್ಮದು. ನಗರದ ಇನ್ನೊಂದು ತುದಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನನ್ನ ಗಂಡ ಬೆಳಕು ಹರಿಯುವ ಮುನ್ನ ಅಲ್ಲಿಗೆ ಬಸ್ ಹಿಡಿಯುತ್ತಿದ್ದರು. ಹೊತ್ತು ಹೋಗದೆ ನಾನು ಪಕ್ಕದ ಬೀದಿಯ ವಿಶೇಷ ಮಕ್ಕಳ ಶಾಲೆಯಲ್ಲಿ ಸಹಾಯಕಿಯಾಗಿ ಸೇರಿದೆ. ಬಾಡಿಗೆ ಮನೆಯ ಒಂದು ದೊಡ್ಡ ಹಾಲ್, ಅದೇ ತರಗತಿ. ನಡೆಯಲಾರದವರು, ಕೇಳಿಸದವರು, ಒಂದು ಕಡೆ ಕೂರಲಾರದವರು ಎಲ್ಲ ಒಟ್ಟಿಗೆ. ಅವರೆಲ್ಲರಿಗೂ ಟೀಚರ್ ಎಂದು ಇದ್ದವರು ಅಕ್ಕೋರೊಬ್ಬರೇ.

ಇಷ್ಟು ಬಗೆಯ ಮಕ್ಕಳಿಗೆ ಒಂದೇ ಪಾಠ ಹೇಗೆ ಎಂಬ ನನ್ನ ಗೊಂದಲಕ್ಕೆ ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಮರುದಿನ ಒಂದು ಬುಟ್ಟಿ ಹಸಿ ಬಟಾಣಿ ತಂದು ನಡುವೆ ಸುರಿದರು. ಬೆರಳು ಆಡುವವನು ಸುಲಿದ. ಎಣಿಕೆ ಬರುವವಳು ಐದೈದರ ಗುಡ್ಡೆ ಮಾಡಿದಳು. ಕೈ ಸೆಟೆದ ಹುಡುಗ ಒಂದು ಕಾಳನ್ನು ತಟ್ಟೆಯತ್ತ ತಳ್ಳಿದ. ಅದೊಂದನ್ನು ತಳ್ಳಲು ಅವನಿಗೆ ಇಡೀ ಬೆಳಗು ಬೇಕಾಯಿತು. ಅಕ್ಕೋರು ಪಕ್ಕದಲ್ಲಿ ಕೂತು ಕಾದರು, ಕೈ ಹಚ್ಚಲಿಲ್ಲ.

ಆದರೆ ಯಾವ ಮಗು ಬಂದರೂ ಅವರು ಮೊದಲು ಕಲಿಸುತ್ತಿದ್ದ ಪಾಠ ಒಂದೇ: ಬೇಡ ಎನ್ನುವುದು. ಮನೆಮಾತು ಕನ್ನಡವಾದರೆ 'ಬ್ಯಾಡ', ತೆಲುಗಾದರೆ 'ವದ್ದು', ಉರ್ದುವಾದರೆ 'ನಕ್ಕೋ'. ಮಾತೇ ಬಾರದವರಿಗೆ ಅಂಗೈ ಮುಂದೆ ಚಾಚುವುದು. ಊಟಕ್ಕೂ ಸ್ನಾನಕ್ಕೂ ಮಕ್ಕಳು ಅಂಗೈ ಚಾಚತೊಡಗಿದಾಗ ತಾಯಂದಿರು ದೂರು ತರುತ್ತಿದ್ದರು. "ಬ್ಯಾಡ ಅನ್ನಾಕ ಬರದಿದ್ದ ಕೂಸಿಗೆ ಯಾರು ಏನು ಬೇಕಾದ್ರೂ ಮಾಡ್ತಾರ್ರಿ. ಒಂದೀಟು ತಡಕೊಳ್ರಿ" ಎಂದು ಅಕ್ಕೋರು ಅವರನ್ನು ಸಮಾಧಾನ ಮಾಡುತ್ತಿದ್ದರು.

ಅಕ್ಕೋರು ಶಾಲೆಗೆ ಬರುವ ದಾರಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಯಾದಗಿರಿ ಕಡೆಯ ಹೆಂಗಸೊಬ್ಬಳು ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮಾತು ಬಾರದ, ಬುದ್ಧಿ ಬೆಳೆಯದ ಮಗಳನ್ನು ಹಳೆಯ ಸೀರೆಯಿಂದ ಕಂಬಕ್ಕೆ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕೋರು ಅದನ್ನು ಕಂಡು ಹೋಗಿ ಮಾತಾಡಿದರು. "ಬಿಟ್ರ ಎಲ್ಲಿಗರ ಹೋಗಿಬಿಡ್ತಾಳ್ರಿ, ಏನ ಮಾಡ್ಲಿ?" ಎಂದಳು ತಾಯಿ. "ನನ್ನ ಕಡೆ ಕಳಸು. ಆದ್ರ ಇನ್ನ ಮ್ಯಾಲ ಕಟ್ಟಬ್ಯಾಡ. ಮನಷ್ಯಾರನ್ನ ಕಟ್ಟಬಾರದವ್ವಾ" ಎಂದರು ಅಕ್ಕೋರು. ಹುಡುಗಿ ಶಾಲೆಯ ವ್ಯಾನಿನಲ್ಲಿ ಬರತೊಡಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗೈ ಚಾಚುವುದನ್ನು ಕಲಿತಳು.

ಒಂದು ಸಂಜೆ ಮನೆಗೆ ಹೊರಡುವಾಗ ಅವಳು ವ್ಯಾನ್ ಹತ್ತಲಿಲ್ಲ. ಡ್ರೈವರನತ್ತ ಅಂಗೈ ಚಾಚಿ ಚೀರತೊಡಗಿದಳು. ಹಟ ಎಂದುಕೊಂಡೆವು. ಅಕ್ಕೋರು ಮಾತ್ರ ವ್ಯಾನನ್ನು ತಡೆದು, ಹುಡುಗಿಯನ್ನು ಒಳಗೆ ಕರೆದೊಯ್ದು ಅಂಗಿ ಎತ್ತಿ ನೋಡಿದರು. ಬೆನ್ನ ಮೇಲೆ ಬೀಡಿಯಿಂದ ಸುಟ್ಟ ಗುಂಡನೆಯ ಗಾಯಗಳಿದ್ದವು. ಮಿಕ್ಕ ಮಕ್ಕಳನ್ನೂ ಒಬ್ಬೊಬ್ಬರಾಗಿ ನೋಡಿದೆವು. ಇನ್ನೂ ಕೆಲವರಿಗಿತ್ತು. ಗಲಾಟೆ ಮಾಡಬಾರದೆಂದು ಡ್ರೈವರ್ ದಾರಿಯಲ್ಲಿ ಸುಡುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ಮಾತು ಬರುವ ಮಕ್ಕಳ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಶಾಲೆ ನಡೆಸುತ್ತಿದ್ದ ಟ್ರಸ್ಟಿನ ಕಾರ್ಯದರ್ಶಿ ಓಡಿಬಂದರು. "ಅವನನ್ನ ಇವತ್ತೇ ಕೆಲಸದಿಂದ ತೆಗೀತೀನಿ ಮೇಡಮ್. ಪೊಲೀಸು ಗಿಲೀಸು ಬೇಡ, ಸ್ಕೂಲೇ ಮುಚ್ಚಬೇಕಾಗುತ್ತೆ" ಎಂದರು.

"ಇಲ್ಲಿಂದ ಹೋಗಿ ಇನ್ನೊಂದು ಸಾಲಿ ವ್ಯಾನ್ ಹೊಡಿತಾನ್ರಿ ಅವ" ಎಂದು ಅಕ್ಕೋರು ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಠಾಣೆಗೆ ಹೊರಟರು. ನಾನೂ ಹೋದೆ. ಮಾತು ಬಾರದ ಹುಡುಗಿ ಸಾಕ್ಷಿ ಹೇಳುವುದು ಹೇಗೆ ಎಂದು ಇನ್ಸ್‌ಪೆಕ್ಟರ್ ತೆಲುಗಿನಲ್ಲಿ ಕೇಳಿ ನಕ್ಕರು. ಅಷ್ಟರಲ್ಲಿ ಪೇದೆಯೊಬ್ಬ ವಿಚಾರಣೆಗೆಂದು ಡ್ರೈವರನನ್ನು ಒಳಗೆ ಕರೆತಂದ. ಹುಡುಗಿ ಗೋಡೆಗೆ ಒರಗಿ ಎರಡೂ ಅಂಗೈ ಚಾಚಿದಳು, ನಿಂತಲ್ಲೇ ಒದ್ದೆ ಮಾಡಿಕೊಂಡಳು. ಇನ್ಸ್‌ಪೆಕ್ಟರ್ ಆಮೇಲೆ ನಗಲಿಲ್ಲ. ದೂರು ಬರೆದುಕೊಂಡರು.

ಕಾರ್ಯದರ್ಶಿ ಹೇಳಿದಂತೆಯೇ ಆಯಿತು. ಸುದ್ದಿ ಪತ್ರಿಕೆಗೆ ಬಂತು, ದಾನಿಗಳು ಹಿಂದೆ ಸರಿದರು, ಆ ಬೇಸಿಗೆಯಲ್ಲೇ ಶಾಲೆ ಮುಚ್ಚಿತು. ಮನೆಯ ಮಾಲೀಕರು ಕಟ್ಟಡವನ್ನು ಕಂಪ್ಯೂಟರ್ ಕಲಿಸುವ ಸಂಸ್ಥೆಗೆ ಕೊಟ್ಟರು. ಕೈ ಸೆಟೆದ ಹುಡುಗನ ತಾಯಿ ಗೇಟಿನ ಹತ್ತಿರ ಅಕ್ಕೋರನ್ನು ತಡೆದು, "ಈಗ ಇವನನ್ನ ನಾನು ಎಲ್ಲಿಗೆ ಹೊತ್ಕೊಂಡು ಹೋಗಲಿ ಟೀಚರ್? ಸುಮ್ಮನಿದ್ದಿದ್ರೆ ಸ್ಕೂಲಾದರೂ ಉಳೀತಿತ್ತು" ಎಂದು ಹಿಂದಿಯಲ್ಲಿ ಕೂಗಾಡಿದರು. ಅಕ್ಕೋರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ, "ಆಕಿ ಹೇಳೋದು ಖರೇನ ಐತಿ" ಎಂದರು.

ಯಾದಗಿರಿಯ ಆ ಕುಟುಂಬ ಕೆಲಸ ಹುಡುಕಿಕೊಂಡು ನಗರದ ಇನ್ನೊಂದು ತುದಿಯ ಗಚ್ಚಿಬೌಲಿ ಕಡೆ ಹೋಗಿತ್ತು. ಅಕ್ಕೋರು ಭಾನುವಾರಗಳಲ್ಲಿ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋಗಿ, ಕಟ್ಟಡದಿಂದ ಕಟ್ಟಡಕ್ಕೆ ಕೇಳುತ್ತ ಅಲೆದರು. ತಗಡಿನ ಶೆಡ್ಡುಗಳ ಸಾಲಿನಲ್ಲಿ ಕೊನೆಗೂ ತಾಯಿ ಸಿಕ್ಕ ದಿನ ನಾನೂ ಜೊತೆಗಿದ್ದೆ. ಹುಡುಗಿ ಇರಲಿಲ್ಲ. ಕಟ್ಟಡದಡಿಯ ಸೆಲ್ಲಾರಿಗೆಂದು ಅಗೆದ ಗುಂಡಿಯಲ್ಲಿ ಮಳೆನೀರು ನಿಂತಿತ್ತಂತೆ. ಆಡುತ್ತಾ ಹೋಗಿ ಅದರಲ್ಲಿ ಬಿದ್ದು ಮುಳುಗಿಹೋಗಿದ್ದಳು.

"ಕಟ್ಟಿದ್ದಿಲ್ರಿ ಅಕ್ಕೋರ" ಎಂದಳು ತಾಯಿ. ದನಿಯಲ್ಲಿ ದೂರು ಇರಲಿಲ್ಲ. "ಕಟ್ಟಬ್ಯಾಡ ಅಂತ ನೀವ ಹೇಳಿದ್ರಲ್ಲ, ಅದಕ ಮತ್ತ ಕಟ್ಟಲೇ ಇಲ್ಲ."

ಅಕ್ಕೋರು ಅಲ್ಲೇ ಮರಳ ರಾಶಿಯ ಮೇಲೆ ಕೂತರು. ತಾಯಿಯೇ ಒಂದು ಚೊಂಬು ನೀರು ತಂದುಕೊಟ್ಟಳು.

ಮರುವಾರದಿಂದ ಅವರು ದಿನವೂ ಆ ಶೆಡ್ಡುಗಳಿಗೆ ಹೋಗತೊಡಗಿದರು. ಕೂಲಿಯವರ ಮಕ್ಕಳನ್ನು, ಬುದ್ಧಿಯಿದ್ದವರು ಇಲ್ಲದವರು ಎನ್ನದೆ, ತಗಡಿನ ನೆರಳಿನಲ್ಲಿ ಕೂರಿಸಿಕೊಂಡು ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದರು. ಮೊದಲಿನಂತೆ ನಗುತ್ತಿರಲಿಲ್ಲ. ಮಗುವೊಂದು ಕಣ್ಣಿನಿಂದ ಮರೆಯಾದರೆ ಸಾಕು, ಹುಚ್ಚು ಹಿಡಿದವರಂತೆ ಹುಡುಕುತ್ತಿದ್ದರು. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಹೊಟ್ಟೆಯಲ್ಲಿ ಗಡ್ಡೆಯೆಂದು ಆಸ್ಪತ್ರೆ ಸೇರಿದರು. ಅಲ್ಲಿ ಒಂದು ಮಧ್ಯಾಹ್ನ ನಾನು ಕೇಳಿಯೇಬಿಟ್ಟೆ: "ಮತ್ತೆ ಅಂಥದ್ದೇ ಆದರೆ ಠಾಣೆಗೆ ಹೋಗ್ತೀರಾ ಅಕ್ಕೋರೇ?"

ಅವರು ಮಲಗಿದ್ದಲ್ಲೇ ನನ್ನತ್ತ ಹೊರಳಿದರು. "ಹೋಗ್ತೀನಿ. ಆದ್ರ ಮೊದ್ಲ ಮಕ್ಕಳಿಗೆ ಇನ್ನೊಂದು ಜಾಗಾ ನೋಡಿ ಹೋಗ್ತೀನಿ."

ನಾನು ಆಮೇಲೆ ತರಬೇತಿ ಪಡೆದು ಇದೇ ನಗರದ ಮೆಹದಿಪಟ್ನಂನ ಶಾಲೆಯೊಂದರಲ್ಲಿ ಇಂಥ ಮಕ್ಕಳಿಗೇ ಕಲಿಸುತ್ತಿದ್ದೇನೆ. ಏನಾದರೂ ಸರಿಯಾಗಿ ಮಾಡುತ್ತಿದ್ದರೆ ಅದು ಅವರನ್ನು ನೋಡಿ ಕಲಿತದ್ದು.

ಅವರು ತೀರಿಕೊಂಡ ದಿನ ಹೆಚ್ಚು ಜನ ಬರಲಿಲ್ಲ. ಕಲಬುರಗಿಯಿಂದ ನಾಲ್ಕಾರು ನೆಂಟರು ಬಂದಿದ್ದರು. ಹೆಣ ಎತ್ತುವ ಮೊದಲು ಸಿಮೆಂಟ್ ಮೆತ್ತಿದ ಸೀರೆಯಲ್ಲೇ ಯಾದಗಿರಿಯ ಆ ಹೆಂಗಸು ಒಳಗೆ ಬಂದು ಅಕ್ಕೋರ ಕಾಲ ಬಳಿ ಕೂತಳು. ನೆಂಟರಲ್ಲಿ ಯಾರೋ, "ನೀ ಯಾರವ್ವಾ? ಇವ್ರಿಗೆ ಏನಾಗ್ಬೇಕು?" ಎಂದು ಕೇಳಿದರು.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು: "ನನ್ನ ಮಗಳು ಇವ್ರ ಸಾಲಿಗೆ ಹೋಗ್ತಿದ್ಲರಿ."