ಕರ್ಪೂರದ ಚೀಲ

ಆ ವರ್ಷ ಬೇಸಿಗೆಗೆ ಮೊದಲೇ ಹಂದಿಜ್ವರ ಪೀಣ್ಯಕ್ಕೆ ಬಂದಿತ್ತು. ನಮ್ಮ ಗಾರ್ಮೆಂಟ್ಸ್‌ನಲ್ಲಿ ಅದಕ್ಕೆ ಮದ್ದೂ ತಯಾರಾಗಿತ್ತು. ಕತ್ತರಿಸಿ ಉಳಿದ ಬಟ್ಟೆಯ ಚೂರಿನಲ್ಲಿ ಹೆಬ್ಬೆರಳಷ್ಟು ಚೀಲ ಹೊಲಿದು, ಒಳಗೆ ಕರ್ಪೂರ, ಏಲಕ್ಕಿ ತುಂಬಿ ಕೊರಳಿಗೆ ಕಟ್ಟಿಕೊಳ್ಳುವುದು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಊಟದ ಬಿಡುವಿನಲ್ಲಿ ನಮ್ಮ ಲೈನಿನ ಹೆಂಗಸರಿಗೆಲ್ಲ ಹೊಲಿದುಕೊಟ್ಟವಳು ನಾನೇ. ನನ್ನ ಕೈ ಚುರುಕು, ಹೊಗಳಿದರೆ ಇನ್ನೂ ಚುರುಕು.

ನಾನಾಗ ಐದು ತಿಂಗಳ ಬಸುರಿ. ಪಕ್ಕದ ಮಿಷಿನ್ನಿನವಳಿಗೆ ಏಳು. ನೆಲಮಂಗಲದ ಕಡೆಯವಳು, ನನ್ನ ಡಬ್ಬಿಯ ರೊಟ್ಟಿ ಕಿತ್ತುಕೊಂಡು ತಿನ್ನುವಷ್ಟು ಸಲಿಗೆ. ಅವಳ ಚೀಲಕ್ಕೆ ಕೆಂಪು ದಾರದಲ್ಲಿ ಹೂವನ್ನೂ ಹಾಕಿಕೊಟ್ಟಿದ್ದೆ. ಒಂದು ದಿನ ಕೆಮ್ಮುತ್ತ ಮನೆಗೆ ಹೋದವಳು ಕೆಲಸಕ್ಕೆ ಬರಲಿಲ್ಲ. ಹಂದಿಜ್ವರವಂತೆ, ಆಸ್ಪತ್ರೆಯಲ್ಲಿದ್ದಾಳಂತೆ ಎಂದರು.

ಮನೆಗೆ ಬಂದಿದ್ದಾಳೆಂದು ತಿಳಿದು ನೋಡಲು ಹೋದೆ. ಅವಳು ಉಳಿದಿದ್ದಳು, ಮಗು ಉಳಿದಿರಲಿಲ್ಲ. ನಾನು ಹೊಲಿದ ಚೀಲ ಇನ್ನೂ ಕೊರಳಲ್ಲಿತ್ತು.

"ಬಸುರೀರಿಗೆ ಇದು ಬರದಂಗೆ ಸೂಜಿ ಐತಂತೆ ಕಣೆ," ಅಂದಳು. "ಡಾಕ್ಟ್ರು ಆಮೇಲೆ ಹೇಳಿದ್ರು. ಮುಂಚೆ ನಂಗ್ಯಾರೂ ಹೇಳ್ಲೇ ಇಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಫ್ಯಾಕ್ಟರಿಯ ಗೋಡೆಗೆ ಕೈ ತೊಳೆಯಿರಿ ಎಂದು ಚೀಟಿ ಅಂಟಿಸಿದ್ದರು. ತೊಳೆಯಲು ಎದ್ದು ಹೋದರೆ ಸೂಪರ್‌ವೈಸರ್ ಗದರುತ್ತಿದ್ದ. ಸೂಜಿಯ ಮಾತು ಮಾತ್ರ ಯಾವ ಗೋಡೆಯ ಮೇಲೂ ಇರಲಿಲ್ಲ.

ನಾವು ಬಾಗಲಕೋಟೆ ಕಡೆಯವರು. ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ನನಗೆ ತಾಯಿ ಇಲ್ಲದ್ದರಿಂದ ಬಾಣಂತನಕ್ಕೆಂದು ಅತ್ತೆ ಮೊದಲೇ ಬಂದು ಕೂತಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು, ಅವರಿಗೆ ನನಗಿಂತ ಹೆಚ್ಚು ದಿಗಿಲು. ಆ ಸೂಜಿ ಹಾಕಿಸಿಕೊಳ್ಳುತ್ತೇನೆ ಎಂದಾಗ, ರೋಗದ ಸೂಜಿ ಚುಚ್ಚಿಸಿಕೊಂಡರೆ ಕೂಸಿಗೇ ರೋಗ ಎಂದರು. ಧನುರ್ವಾತದ ಸೂಜಿಗೆ ನೀವೇ ಕರೆದುಕೊಂಡು ಹೋಗಿದ್ದಿರಲ್ಲ ಎಂದೆ. ಅದು ಹಳೇದು, ಇದು ಹೊಸದು ಎಂದರು. ಅಷ್ಟರಲ್ಲಿ ವಠಾರದ ಯಜಮಾನಿ ಬಂದಳು. ಆ ಜಾಗವೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದವಳು, ಅವಳ ಮಾತಿಗೆ ತೂಕ ಹೆಚ್ಚು.

"ಮೋರಿ ತಾವ ಇದ್ದ ಅಂದೀನೆಲ್ಲ ಓಡ್ಸಾಯ್ತು. ಇನ್ನ ಅಂದಿಜ್ವರ ಎಲ್ಲಿಂದ ಬತ್ತದಮ್ಮಿ?"

ಗಂಡ ಅಡಕತ್ತರಿಯಲ್ಲಿ ಸಿಕ್ಕವನಂತೆ ನನ್ನ ಮುಖ, ಅತ್ತೆಯ ಮುಖ ನೋಡುತ್ತಿದ್ದ. ಕೂಸಿಗೆ ಏನಾದರೂ ಆದರೆ ಈ ಮನೆಯ ಹೊಸ್ತಿಲು ತುಳಿಯಬೇಡ ಎಂದು ಅತ್ತೆ ಕೊನೆಯ ಮಾತು ಹೇಳಿದರು.

"ಸೂಜಿ ಹಾಕಿಸ್ಕೊಂಡು ಏನರ ಆದ್ರ ನನ್ನ ಮ್ಯಾಲ ಹಾಕ್ರಿ, ಅತ್ತಿ," ಎಂದೆ. "ಹಾಕಿಸ್ಕೊಳ್ಳದ ಏನರ ಆದ್ರ ಯಾರ ಮ್ಯಾಲ ಹಾಕ್ತೀರಿ?"

ಅತ್ತೆ ನನ್ನ ಕೊರಳಿನ ಚೀಲವನ್ನು ಇನ್ನೊಂದು ಗಂಟು ಹಾಕಿ ಬಿಗಿದರು. ಬಸಿರಿನಲ್ಲಿ ನನಗೆ ಕರ್ಪೂರದ ವಾಸನೆ ಆಗುತ್ತಿರಲಿಲ್ಲ. ಮರುದಿನ ಮಿಷಿನ್ನಿನ ಮುಂದೆ ಕೂತು ಅದನ್ನು ಬಿಚ್ಚಿ, ಕರ್ಪೂರ ಎಸೆದು, ದಾರದ ಕಸ ತುಂಬಿ ಮತ್ತೆ ಹೊಲಿದುಬಿಟ್ಟೆ.

ಆ ವಾರವೇ ರಜೆ ಹಾಕಿ ಒಬ್ಬಳೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಮನೆಯವರು ಯಾರು ಬಂದಿದ್ದಾರೆ, ಅವರನ್ನು ಕರಿ ಎಂದಳು ನರ್ಸ್.

"ಬಂದೈತ್ರಿ, ಹೊಟ್ಟ್ಯಾಗ ಐತಿ," ಎಂದೆ.

ಅವಳು ನಕ್ಕು ಡಾಕ್ಟರನ್ನು ಕರೆದಳು. ಅವರು ಜ್ವರವಿದೆಯೇ ಎಂದು ವಿಚಾರಿಸಿ ಹಾಕು ಎಂದರು. ಚುಚ್ಚುವಾಗ ನರ್ಸ್ ತಾನೇ ಇನ್ನೂ ಹಾಕಿಸಿಕೊಂಡಿಲ್ಲ, ಹೆದರಿಕೆ ಎಂದು ಮೆಲ್ಲಗೆ ಹೇಳಿದಳು. ರೋಗಿಗಳ ನಡುವೆ ಇರುವವಳು ನೀನು, ಮೊದಲು ಹಾಕಿಸಿಕೋ ಎಂದು ಬೈದು ಬಂದೆ.

ಮರುದಿನ ತೋಳು ಬಾತು ಮೈ ಬೆಚ್ಚಗಾಯಿತು, ಸೂಜಿಯ ಗುಟ್ಟು ಬಯಲಾಯಿತು. ವಠಾರವೇ ಬಂದು ಬಾಗಿಲಲ್ಲಿ ನಿಂತಿತು. ಅತ್ತೆ ದೇವರಿಗೆ ಹರಕೆ ಹೊತ್ತರು. ಸುಳ್ಳೇಕೆ, ನನಗೂ ಜೀವ ಬಾಯಿಗೆ ಬಂದಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದೆ. ಕೂಸು ಒದ್ದಿತು. ಮಾರನೆಯ ದಿನ ಜ್ವರ ಬಿಟ್ಟಿತು, ನಾನು ಕೆಲಸಕ್ಕೆ ಹೋದೆ.

ಹೆಣ್ಣು ಹುಟ್ಟಿತು, ಗುಂಡುಕಲ್ಲಿನಂತೆ. ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿದೆವು. ಮಳೆಗಾಲದಲ್ಲಿ ಜ್ವರ ಮತ್ತೆ ಕಾಣಿಸಿಕೊಂಡಿತ್ತು. ಬಂದ ಹೆಂಗಸರಿಗೆಲ್ಲ ಅತ್ತೆ ತೊಟ್ಟಿಲಿಗೆ ಕಟ್ಟಿದ್ದ ನನ್ನ ಚೀಲ ತೋರಿಸಿ, ತಾಯಿ ಮಗಳನ್ನು ಕಾಪಾಡಿದ್ದು ಈ ಕರ್ಪೂರ ಎನ್ನುತ್ತಿದ್ದರು. ವಠಾರದ ಕೊನೆಯ ಕೋಣೆಯ ರಾಯಚೂರಿನ ಹುಡುಗಿ, ಹೊಸ ಬಸುರಿ, ಕೊರಳಿನ ಹೊಸ ಚೀಲ ಮುಟ್ಟಿಕೊಂಡು ಕೇಳುತ್ತಿದ್ದಳು. ಮುದುಕಿಯ ಸಂತೋಷ, ಇರಲಿ ಎಂದು ಸುಮ್ಮನಿರಬಹುದಿತ್ತು. ನನ್ನ ಕೈಲಾಗಲಿಲ್ಲ. ಚೀಲ ಕಿತ್ತು ಹಲ್ಲಿನಿಂದ ಹೊಲಿಗೆ ಬಿಚ್ಚಿ ಆ ಹುಡುಗಿಯ ಅಂಗೈಗೆ ಸುರಿದೆ. ದಾರದ ಕಸ. ಕಾಪಾಡಿದ್ದು ಇದಲ್ಲ, ಇಲ್ಲಿ ಹಾಕಿದ ಸೂಜಿ ಎಂದು ತೋಳು ತೋರಿಸಿದೆ.

ಮಂದಿಯ ಮುಂದೆ ಮರ್ಯಾದೆ ಕಳೆದೆ ಎಂದು ಅತ್ತೆ ಮಾತು ಬಿಟ್ಟರು. ನಾನೂ ಕ್ಷಮೆ ಕೇಳಲಿಲ್ಲ.

ಕೆಲವು ದಿನ ಕಳೆದು, ಬೆಳಗ್ಗೆ ಆ ಹುಡುಗಿ ಚಪ್ಪಲಿ ಮೆಟ್ಟಿಕೊಂಡೇ ನಮ್ಮ ಬಾಗಿಲಿಗೆ ಬಂದಳು. ಸೂಜಿ ಹಾಕಿಸಿಕೊಳ್ಳಲು ಹೊರಟಿದ್ದಳು, ಅವಳ ಗಂಡ ಬರುವುದಿಲ್ಲ ಎಂದನಂತೆ. ಮನೆಯವರು ಯಾರು ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಏನು ಹೇಳಲಿ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಬಂದು ನನ್ನ ಕೈಯಿಂದ ಕೂಸನ್ನು ಎತ್ತಿಕೊಂಡರು. ನಾನು ಚಪ್ಪಲಿ ಮೆಟ್ಟಿದೆ.